ಅತಿಪ್ರಸಾಧನ: ಒಂದು ಪದದ ಅರ್ಥ ಮತ್ತು ಪ್ರಯೋಗ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯು ಒಂದು. ಪ್ರಯೋಜನವಿಲ್ಲದೆ ಮನ, ವಚನ, ಕಾಯಗಳಿಂದ ಜೀವಗಳಿಗೆ ನೋವನ್ನುಂಟುಮಾಡುವುದು ಅನರ್ಥದಂಡ. ಅದರಿಂದ ದೂರವಿರುವುದು ವಿರತಿ. ಈ ವ್ರತಕ್ಕೆ ಐದು ಅತಿಚಾರಗಳಿವೆ. ಹಾಸ್ಯದೊಡನೆ ಕಾಮಪ್ರಚೋದಕವಾದ ಮಾತನ್ನಾಡುವುದು ಕಂದರ್ಪ. ಅದಕ್ಕೆ ದೇಹದ ವಿಕಾರಚೇಷ್ಟೆಯೂ ಸೇರಿದರೆ ಕೌತ್ಕುಚ್ಯ. ಬೇಡದ ಹರಟೆ ಮೌಖರ್ಯ. ವಿಚಾರ ಮಾಡದೆ ಕಾರ್ಯವನ್ನು ಹೆಚ್ಚಿಸಿಕೊಳ್ಳುವುದು ಅಸಮೀಕ್ಷ್ಯಾಧಿಕರಣ. ಉಳಿದ ಒಂದಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಟ್ಟ ಹೆಸರು ಅತಿಪ್ರಸಾಧನ. ಮೊದಲ ಮೂರನ್ನು ಕೇಳಿದೊಡನೆ ದೋಷವೆಂದು ಎಲ್ಲರೂ ಒಪ್ಪುವರು. ಅತಿಪ್ರಸಾಧನವಾದರೋ ದೋಷವೆಂದು ತೋರದೆಯೇ ಮನೆಯೊಳಗೆ ನೆಲೆಸಿರುವಂಥದು. ಆದುದರಿಂದ ಈ ಪದದ ಅರ್ಥವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಉಚಿತ.

ಪದವಿಚಾರ

ಅತಿ ಎಂಬ ಉಪಸರ್ಗಕ್ಕೆ ಮೀರುವುದು, ದಾಟುವುದು ಎಂದು ಅರ್ಥ. ಪ್ರಸಾಧನವೆಂದರೆ ಅಣಿಗೊಳಿಸುವುದು, ಒದಗಿಸಿಕೊಳ್ಳುವುದು, ಅಲಂಕರಿಸುವುದು. ಹಾಗಾದರೆ ಅತಿಪ್ರಸಾಧನವು ಕೇವಲ ಅತಿಯಾದ ಅಲಂಕಾರವೇ ಎಂದು ಕೇಳಬಹುದು. ಅಲ್ಲ. ಟೀಕಾಕಾರರಾದ ಪ್ರಭಾಚಂದ್ರರು ಈ ಪದವನ್ನು ವಿವರಿಸುತ್ತ, ಎಷ್ಟರಿಂದ ಭೋಗೋಪಭೋಗಗಳು ಸಾಗುವವೋ ಅದಕ್ಕಿಂತ ಹೆಚ್ಚಿನದನ್ನು ಮಾಡಿಕೊಳ್ಳುವುದೇ ಅತಿಪ್ರಸಾಧನವೆಂಬ ಅಭಿಪ್ರಾಯವನ್ನು ಕೊಟ್ಟಿರುವರು.

ಇದೇ ಅತಿಚಾರವನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಪಭೋಗಪರಿಭೋಗಾನರ್ಥಕ್ಯ ಎಂದು ಕರೆದಿರುವರು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಸೇವ್ಯಾರ್ಥಾಧಿಕತಾ ಎಂದಿರುವರು. ಹೆಸರು ಮೂರು, ದೋಷ ಒಂದೇ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅರ್ಥವು ಸ್ಪಷ್ಟವಾಗುತ್ತದೆ. ಒದಗಿಸಿಕೊಳ್ಳುವವನ ಕಡೆಯಿಂದ ನೋಡಿದರೆ ಅದು ಅತಿಪ್ರಸಾಧನ. ಪ್ರಯೋಜನದ ಕಡೆಯಿಂದ ನೋಡಿದರೆ ಆನರ್ಥಕ್ಯ. ಬಳಸುವ ವಸ್ತುವಿನ ಕಡೆಯಿಂದ ನೋಡಿದರೆ ಅಧಿಕತೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅರ್ಥವೆಂಬ ಮಾತಿಗೇ ಒಂದು ಅಳತೆಯನ್ನು ಕೊಟ್ಟಿರುವರು. ಎಷ್ಟು ಇದ್ದರೆ ಕೆಲಸವು ನಡೆಯುವುದೋ ಅಷ್ಟು ಅರ್ಥ. ಅದಕ್ಕೆ ಮೇಲ್ಪಟ್ಟದ್ದು ಆನರ್ಥಕ್ಯ.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಭೋಗೋಪಭೋಗಗಳಿಗೆ ಮಿತಿಯನ್ನು ಹಾಕಿಕೊಳ್ಳುವ ವ್ರತವು ಬೇರೆಯೇ ಇರುವಾಗ ಈ ದೋಷವನ್ನು ಅನರ್ಥದಂಡದಲ್ಲಿ ಮತ್ತೆ ಹೇಳುವುದೇಕೆ? ಪುನರುಕ್ತಿಯಾಗದೆ? ಅಕಲಂಕದೇವರು ರಾಜವಾರ್ತಿಕದಲ್ಲಿ ಈ ಶಂಕೆಯನ್ನು ತಾವೇ ಎತ್ತಿ ಸಮಾಧಾನವನ್ನು ಹೇಳಿರುವರು. ಅಲ್ಲಿ ಹೇಳಿದುದು ಇಚ್ಛೆಗೆ ಅನುಸಾರವಾಗಿ ಹಾಕಿಕೊಂಡ ಮಿತಿಯ ಮತ್ತು ಪಾಪಯುಕ್ತವಾದುದರ ತ್ಯಾಗದ ವಿಚಾರ. ಇಲ್ಲಿ ಹೇಳಿದುದು ಕಲ್ಪ್ಯವಾದುದರ, ಎಂದರೆ ಬಳಸಲು ಯೋಗ್ಯವಾದುದರ ಅಧಿಕತೆಯ ವಿಚಾರ.

ಈ ಸಮಾಧಾನವೇ ಪಾಠದ ತಿರುಳು. ವಸ್ತು ನಿಷಿದ್ಧವಲ್ಲ, ಸ್ವಂತದ್ದು, ನ್ಯಾಯವಾಗಿ ಗಳಿಸಿದ್ದು, ಹಾಕಿಕೊಂಡ ಮಿತಿಯೊಳಗೇ ಇದೆ. ಆದರೂ ಅದು ಅತಿಯಾಗಬಹುದು.

ಸಮೀಪದ ಪದಗಳು

ಕನ್ನಡದಲ್ಲಿ ಈ ಅರ್ಥಕ್ಕೆ ಸಮೀಪವಾದ ಕೆಲವು ಪದಗಳಿವೆ. ಅವುಗಳ ಭೇದವನ್ನು ಅರಿಯಬೇಕು. ಯಾರಿಗೂ ಉಪಯೋಗವಾಗದೆ ಹರಿದುಹೋಗುವುದು ಪೋಲು. ಇರುವ ಬಲವನ್ನು ನೋಡದೆ ವೆಚ್ಚ ಮಾಡುವುದು ದುಂದು. ಒಂದಕ್ಕೆಂದು ಇಟ್ಟದ್ದನ್ನು ಕೆಟ್ಟ ಕೆಲಸಕ್ಕೆ ತೊಡಗಿಸುವುದು ದುರ್ಬಳಕೆ. ಅತಿಬಳಕೆಯು ಈ ಮೂರಕ್ಕಿಂತ ಭಿನ್ನ. ಒಳ್ಳೆಯ ಕೆಲಸಕ್ಕೆ, ಒಂದು ಹನಿಯೂ ಪೋಲಾಗದಂತೆ ಬಳಸಿದರೂ ಅತಿಬಳಕೆಯಾಗಬಹುದು. ಬಳಕೆಯ ಗುಣದಿಂದ ಅದನ್ನು ಅಳೆಯಲಾಗದು. ಅಳತೆಯನ್ನು ದಾಟಿತೇ ಇಲ್ಲವೇ ಎಂಬುದರಿಂದಲೇ ಅಳೆಯಬೇಕು.

ಆಗಮದಲ್ಲಿ ಅತಿ ಸೇರಿದ ಬೇರೆ ಪದಗಳೂ ಇದನ್ನೇ ಸೂಚಿಸುತ್ತವೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವಿದೆ. ಎತ್ತಿನ ಮೇಲೆ ಹೊರೆ ಹೇರುವುದನ್ನು ಗೃಹಸ್ಥನಿಗೆ ನಿಷೇಧಿಸಿಲ್ಲ. ಅದರ ಶಕ್ತಿಯನ್ನು ಮೀರಿ ಹೇರುವುದೇ ದೋಷ. ಪರಿಗ್ರಹಪರಿಮಾಣದಲ್ಲಿ ಅತಿವಾಹನ, ಅತಿಸಂಗ್ರಹ, ಅತಿಲೋಭಗಳಿವೆ. ಭೋಗೋಪಭೋಗಪರಿಮಾಣದಲ್ಲಿ ಅತಿಲೌಲ್ಯ ಮತ್ತು ಅತಿತೃಷೆಗಳಿವೆ. ತೃಷೆಯೆಂದರೆ ಬಾಯಾರಿಕೆ. ಬಾಯಾರುವುದು ದೇಹಧರ್ಮ, ಕುಡಿದ ಮೇಲೂ ಮುಂದಿನ ಭೋಗಕ್ಕಾಗಿ ಬಾಯಾರುತ್ತಿರುವುದು ಅತಿತೃಷೆ.

ನೆಲದ ಮೇಲೆ ಬರೆದ ಉದಾಹರಣೆ

ಅತಿಬಳಕೆಯೆಂಬ ಪದವು ಇಂದು ಸರ್ಕಾರದ ಕಡತದಲ್ಲಿಯೂ ಇದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳ ಹೆಸರಿನ ಮುಂದೆ ಅದು ನಿಂತಿದೆ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ರಾಜ್ಯದ ಇಲಾಖೆಗಳು ಕೂಡಿ ಮಾಡಿದ 2017 ಮತ್ತು 2020ರ ಅಂದಾಜುಗಳಲ್ಲಿ ಈ ನಾಲ್ಕೂ ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳೆಂದು ಗುರುತಾಗಿವೆ.

ಅಳೆಯುವ ಕ್ರಮವು ಸರಳ. ಒಂದು ವರ್ಷದಲ್ಲಿ ಮಳೆಯಿಂದಲೂ ಕೆರೆಗಳಿಂದಲೂ ನೆಲದೊಳಗೆ ಇಂಗಿ, ತೆಗೆಯಲು ದೊರೆಯುವ ನೀರನ್ನು ನೂರು ಎಂದು ಇಟ್ಟುಕೊಳ್ಳುವರು. ಆ ವರ್ಷ ತೆಗೆದ ನೀರು 70ನ್ನು ಮೀರದಿದ್ದರೆ ಸುರಕ್ಷಿತ. 70ರಿಂದ 90ರವರೆಗೆ ಅರೆ ಗಂಭೀರ. 90ರಿಂದ 100ರವರೆಗೆ ಗಂಭೀರ. 100ನ್ನು ದಾಟಿದರೆ ಅತಿಬಳಕೆ. ನೂರನ್ನು ದಾಟುವುದೆಂದರೆ ಈ ವರ್ಷದ ಆದಾಯವನ್ನೆಲ್ಲ ಮುಗಿಸಿ ಹಿಂದಿನವರು ಬಿಟ್ಟುಹೋದ ಗಂಟಿಗೆ ಕೈಹಾಕಿದಂತೆ. ಮನೆಯ ಲೆಕ್ಕದಲ್ಲಿ ಹೀಗೆ ನಡೆದರೆ ಹಿರಿಯರು ಸುಮ್ಮನಿರುವರೇ?

ಕೋಲಾರದ ನಾಡು ಜೈನರಿಗೆ ಅಪರಿಚಿತವಾದುದಲ್ಲ. ಜಿನಧರ್ಮಕ್ಕೆ ಆಶ್ರಯವಿತ್ತ ಪಶ್ಚಿಮ ಗಂಗರು ಕುವಳಾಲಪುರದ ಒಡೆಯರೆಂದು ತಮ್ಮನ್ನು ಕರೆದುಕೊಂಡರು. ಆ ಕುವಳಾಲವೇ ಇಂದಿನ ಕೋಲಾರ. ಅದೇ ವಂಶದ ಅರಸರಿಗೆ ಮಂತ್ರಿಯಾಗಿದ್ದ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದನು. ಆಚಾರವನ್ನು ವಿವರಿಸುವ ಚಾರಿತ್ರಸಾರವನ್ನೂ ರಚಿಸಿದನು.

ಇದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳು ಮಳೆಗಾಲದ ಹೊಳೆಗಳು. ವರ್ಷದ ಮಳೆ ಸುಮಾರು 700ರಿಂದ 750 ಮಿಲಿಮೀಟರ್. ಕೆಳಗೆ ಗಟ್ಟಿಯಾದ ಕಲ್ಲು. ಸವೆದ ಮೇಲುಪದರದಲ್ಲಿಯೂ ಕಲ್ಲಿನ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುವುದು. ಇದನ್ನು ಅರಿತೇ ಹಿಂದಿನವರು ಕೆರೆಗಳ ಸಾಲನ್ನು ಕಟ್ಟಿದರು. ಇಂದಿನ ಕೋಲಾರ ಜಿಲ್ಲೆಯಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೆರೆಯ ರಕ್ಷಣೆಗೆಂದು ಬಿಟ್ಟ ಭೂಮಿಗೆ ಶಾಸನಗಳಲ್ಲಿ ಬಿತ್ತುವಟ್ಟವೆಂಬ ಹೆಸರಿದೆ. ತೂಬನ್ನು ತೆರೆಯುವ, ಮುಚ್ಚುವ ಹೊಣೆಯು ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಗದ್ದೆಯ ಒಡೆಯನು ತೀರ್ಮಾನಿಸುತ್ತಿರಲಿಲ್ಲ, ನೀರುಗಂಟಿಯು ತೀರ್ಮಾನಿಸುತ್ತಿದ್ದನು. ಪರಿಮಾಣವೆಂಬುದು ಶಾಸ್ತ್ರದ ಮಾತಾಗಿ ಮಾತ್ರ ಉಳಿಯದೆ ಊರಿನ ವ್ಯವಸ್ಥೆಯೂ ಆಗಿತ್ತು.

ಅಳತೆಯು ಕಳೆದುಹೋದ ಬಗೆ

ಬಾವಿಯಿಂದ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದಲ್ಲಿ ಇನ್ನೊಂದು ಅಳತೆಯೂ ಇದ್ದಿತು. ಎತ್ತು ದಣಿಯುತ್ತಿತ್ತು. ದಣಿದ ಎತ್ತನ್ನು ಬಿಡಿಸಬೇಕು. ಬಿಡಿಸದೆ ದುಡಿಸಿದರೆ ಅತಿಭಾರದ ದೋಷ ಬರುವುದು. ಎತ್ತು ಮೇವು ತಿಂದು ಮಲಗಿದ ಇರುಳು ಬಾವಿಯಲ್ಲಿ ಊಟೆ ಒಸರಿ ನೀರು ಮತ್ತೆ ಏರುತ್ತಿತ್ತು. ಎತ್ತಿಗೆ ತೋರಿದ ದಯೆಯು ಬಾವಿಗೂ ಸಲ್ಲುತ್ತಿತ್ತು.

ವಿದ್ಯುತ್ತಿನ ಪಂಪಿಗೆ ದಣಿವಿಲ್ಲ. ಬಾವಿ ಬತ್ತಿದಾಗ ಕೊಳವೆಬಾವಿ ಬಂದಿತು. ನೂರಾರು ಅಡಿಗಳಲ್ಲಿ ಸಿಕ್ಕುತ್ತಿದ್ದ ನೀರನ್ನು ಸಾವಿರ ಅಡಿಗಳನ್ನು ದಾಟಿ ಅರಸಬೇಕಾಯಿತು. ಒಬ್ಬನು ಆಳಕ್ಕೆ ಕೊರೆದರೆ ಪಕ್ಕದವನ ಕೊಳವೆಬಾವಿ ನಿಲ್ಲುವುದು. ಅವನು ಇನ್ನೂ ಆಳಕ್ಕೆ ಕೊರೆಯಿಸುವನು. ಇದರ ನಡುವೆ ಕೆರೆಗಳಲ್ಲಿ ಹೂಳು ತುಂಬಿತು. ಹೊಲದಂಚುಗಳಲ್ಲಿಯೂ ಗೋಮಾಳಗಳಲ್ಲಿಯೂ ನೀಲಗಿರಿ ತೋಪುಗಳು ಬೆಳೆದವು. ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು. ಅಂತರ್ಜಲವನ್ನು ನಿಯಂತ್ರಿಸುವ ರಾಜ್ಯದ ಕಾಯಿದೆಯು 2011ರಲ್ಲಿಯೇ ಬಂದಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯಿಸುವಂತಿಲ್ಲ.

ಇದರಲ್ಲಿ ದುಷ್ಟರು ಯಾರೂ ಇಲ್ಲವೆಂಬುದನ್ನು ಗಮನಿಸಬೇಕು. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಹೂವು ತರಕಾರಿ, ಹಾಲಿಗಾಗಿ ಬೆಳೆಯುವ ಹಸುರು ಮೇವು, ಎಲ್ಲವೂ ಜೀವನೋಪಾಯಗಳೇ. ಅಲ್ಲಿಯ ರೈತನು ನೀರನ್ನು ಪೋಲು ಮಾಡುವವನಲ್ಲ. ಹನಿ ನೀರಾವರಿಯನ್ನು ಅಳವಡಿಸಿಕೊಂಡವರೂ ಅನೇಕರು. ಆದರೆ ಹನಿಯಿಂದ ಉಳಿದ ನೀರನ್ನು ನೆಲದಲ್ಲಿ ಬಿಡದೆ ಇನ್ನೊಂದು ಎಕರೆಗೆ ಹರಿಸಿದರೆ ಒಟ್ಟು ಲೆಕ್ಕವು ತಗ್ಗುವುದಿಲ್ಲ. ಪೋಲನ್ನು ತಡೆದೂ ಅತಿಬಳಕೆಯನ್ನು ತಡೆಯದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವಿಲ್ಲ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯು 2018ರಲ್ಲಿ ಆರಂಭವಾಯಿತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ತರುವುದು ಅದರ ಗುರಿ. ಕೆರೆ ತುಂಬಿದ ಕಡೆ ಸುತ್ತಲಿನ ನೀರಿನ ಮಟ್ಟವು ಏರಿದುದುಂಟು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಬೇಡಿಕೆಯೂ ಜನರಲ್ಲಿ ಉಂಟು. ಹೊರಗಿನಿಂದ ನೀರು ಬಂದರೂ ಒಳಗಿನ ಅಳತೆಯು ಮರಳದಿದ್ದರೆ ನೂರರ ಗೆರೆಯನ್ನು ಮತ್ತೆ ದಾಟುವುದು ಕಷ್ಟವೇನಲ್ಲ.

ವ್ರತಿಗಳ ಮನೆಗೆ ಬಂದ ತೊಡಕು

ಜೈನ ಗೃಹಸ್ಥನಿಗೆ ನೀರು ಬರಿಯ ವಸ್ತುವಲ್ಲ. ಅದು ಜಲಕಾಯಿಕ ಜೀವಗಳ ಶರೀರ. ಅದರಲ್ಲಿ ತ್ರಸಜೀವಗಳೂ ಇರುವುವು. ಆದುದರಿಂದಲೇ ದಪ್ಪ ಬಟ್ಟೆಯನ್ನು ಇಮ್ಮಡಿಯಾಗಿ ಮಡಿಸಿ ನೀರನ್ನು ಸೋಸುವ ಜಲಗಾಲನ ವಿಧಿಯು ಬಂದಿದೆ. ಸೋಸುವುದರಿಂದ ವಿಧಿಯು ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ನೀರು ಬಂದ ಬಾವಿಗೇ ಮೆಲ್ಲನೆ ಇಳಿಸಿ ಬಿಡಬೇಕು. ಎಲ್ಲಿಂದ ತಂದೆವೋ ಅಲ್ಲಿಗೆ ಮರಳಿಸುವುದು ಈ ವಿಧಿಯ ಎರಡನೆಯ ಅರ್ಧ.

ಕೊಳವೆಬಾವಿಯಲ್ಲಿ ಈ ಎರಡನೆಯ ಅರ್ಧವು ಸಾಧ್ಯವಿಲ್ಲ. ಆರು ಅಂಗುಲದ ಕೊಳವೆಯಲ್ಲಿ ಸಾವಿರ ಅಡಿಯ ಕೆಳಗಿನಿಂದ ಬಂದ ನೀರಿಗೆ ಜೀವಗಳನ್ನು ಮರಳಿಸುವುದು ಹೇಗೆ? ಇದೇ ಕಾರಣದಿಂದ ಮುನಿಗಳ ಆಹಾರಕ್ಕೂ ವ್ರತಿಗಳ ಅಡುಗೆಗೂ ತೆರೆದ ಬಾವಿಯ ನೀರೇ ಬೇಕೆಂಬ ನಿಯಮವನ್ನು ಅನೇಕ ಕಡೆ ಪಾಲಿಸುವರು. ಮುನಿಸಂಘವು ವಿಹರಿಸುತ್ತ ಒಂದು ಊರಿಗೆ ಬಂದಾಗ ಶ್ರಾವಕರು ಮೊದಲು ಹುಡುಕುವುದು ನೀರಿರುವ ಬಾವಿಯನ್ನು. ಬಾವಿಗಳೆಲ್ಲ ಬತ್ತಿದ ಊರಿನಲ್ಲಿ ಭಕ್ತಿಯಿದ್ದರೂ ಆಹಾರದಾನಕ್ಕೆ ತೊಡಕು ಬರುವುದು. ಅಂತರ್ಜಲದ ಲೆಕ್ಕವು ಸರ್ಕಾರದ ಕಡತದಿಂದ ಹೊರಟು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿರುವುದು ಹೀಗೆ. ಅತಿಬಳಕೆಯಿಂದ ಬೆಳೆಗೆ ಮಾತ್ರವೇ ಹಾನಿಯಲ್ಲ. ವ್ರತವನ್ನು ಪಾಲಿಸುವ ಸಾಧನವೇ ಇಲ್ಲವಾಗುವುದು.

ದೇಹಕ್ಕೂ ಹಾನಿಯುಂಟು. ಈ ಸೀಮೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಅಂಶವು ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುಗಟ್ಟುವುದು, ಮೂಳೆ ಬಿಗಿಯುವುದು. ಅದಕ್ಕಾಗಿ ಶುದ್ಧೀಕರಣ ಯಂತ್ರಗಳು ಬಂದಿವೆ. ಮನೆಯ ಅಂಥ ಯಂತ್ರದಲ್ಲಿ ಒಂದು ಪಾಲು ಕುಡಿಯುವ ನೀರು ದೊರೆಯಲು ಎರಡು ಮೂರು ಪಾಲು ನೀರು ಹೊರಹೋಗುವುದು ಸಾಮಾನ್ಯ. ಅತಿಯು ಅತಿಯನ್ನೇ ಹೆರುವುದು.

ದೋಷದ ನಾಲ್ಕು ಮೆಟ್ಟಿಲುಗಳು

ಅಮಿತಗತಿ ಆಚಾರ್ಯರು ವ್ರತಭಂಗದ ನಾಲ್ಕು ಹಂತಗಳನ್ನು ವಿಂಗಡಿಸಿರುವರು. ಮನಸ್ಸಿನ ಶುದ್ಧಿಯು ಕುಂದುವುದು ಅತಿಕ್ರಮ. ಶೀಲವೆಂಬ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯದಲ್ಲಿ ತೊಡಗುವುದು ಅತಿಚಾರ. ಅದರಲ್ಲಿಯೇ ಅತಿಯಾಗಿ ಆಸಕ್ತನಾಗುವುದು ಅನಾಚಾರ. ನೀರಿನ ಬಳಕೆಗೆ ಇದನ್ನು ಹೊಂದಿಸಿ ನೋಡಬಹುದು. ಒಂದು ಬಿಂದಿಗೆಯಲ್ಲಿ ಮುಗಿಯುವ ಕೆಲಸಕ್ಕೆ ಇನ್ನೊಂದಿದ್ದರೇನು ಎಂಬ ಭಾವವು ಮೂಡುವುದು ಮೊದಲನೆಯದು. ನಲ್ಲಿಯತ್ತ ಕೈ ಹೋಗುವುದು ಎರಡನೆಯದು. ಬಳಸಿಬಿಡುವುದು ಮೂರನೆಯದು. ಅದೇ ಅಭ್ಯಾಸವಾಗಿ, ಕಡಮೆಯಾದ ದಿನ ಸಿಟ್ಟು ಬರುವುದು ನಾಲ್ಕನೆಯದು. ನಾಲ್ಕನೆಯ ಮೆಟ್ಟಿಲಿನಲ್ಲಿ ನಿಂತವನಿಗೆ ತಾನು ದಾಟಿದ ಬೇಲಿಯು ಕಾಣಿಸದು.

ಶಂಕೆ ಮತ್ತು ಸಮಾಧಾನ

ಶಂಕೆ: ನೆಲದ ನೀರಿನ ಬಹುಪಾಲು ಬೇಸಾಯಕ್ಕೆ ಹೋಗುವುದು. ಒಂದು ಮನೆಯು ಹತ್ತು ಬಿಂದಿಗೆಯನ್ನು ಉಳಿಸಿದರೆ ತಾಲ್ಲೂಕಿನ ಲೆಕ್ಕವು ಬದಲಾಗುವುದೇ?

ಸಮಾಧಾನ: ಅದೊಂದರಿಂದಲೇ ಬದಲಾಗದು. ಆದರೆ ವ್ರತವು ಮೊದಲು ಆತ್ಮನ ಲೆಕ್ಕ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕತ್ತರಿಸುವುದು ಪ್ರಮಾದಚರ್ಯೆಯೆಂದು ಸಮಂತಭದ್ರರು ಎಣಿಸಿರುವರು. ಅಲ್ಲಿ ಎಷ್ಟು ನೀರೆಂಬುದಕ್ಕಿಂತ ಎಚ್ಚರವಿತ್ತೇ ಎಂಬುದು ಮುಖ್ಯ. ಅಲ್ಲದೆ ಜೈನ ಮನೆಗಳಲ್ಲಿ ಜಮೀನುಳ್ಳವರೂ ವ್ಯಾಪಾರಿಗಳೂ ಇರುವರು. ಮನೆಯಲ್ಲಿ ಬಿಂದಿಗೆಯನ್ನು ಎಣಿಸಲು ಕಲಿತವನೇ ಹೊಲದಲ್ಲಿ ಬೆಳೆಯನ್ನು ಆರಿಸುವಾಗ ನೀರನ್ನು ಎಣಿಸಬಲ್ಲನು.

ಶಂಕೆ: ತನ್ನ ಅವಶ್ಯಕತೆಗೆ ತಕ್ಕಷ್ಟೇ ಬಳಸಿದರೆ ಸಾಲದೆ?

ಸಮಾಧಾನ: ಇಲ್ಲಿಯೇ ಎರಡು ಅಳತೆಗಳು ಬೇಕು. ಶಾಸ್ತ್ರವು ಕೊಟ್ಟ ಅಳತೆ ಒಳಗಿನದು: ಎಷ್ಟು ಬೇಕು? ಕೋಲಾರದ ನೆಲವು ಕಲಿಸುವ ಅಳತೆ ಹೊರಗಿನದು: ಎಷ್ಟು ಇದೆ? ಬೇಕೆಂಬುದು ಬೆಳೆಯುವ ಸ್ವಭಾವದ್ದು. ನಿನ್ನೆ ಭೋಗವಾಗಿದ್ದುದು ಇಂದು ಅವಶ್ಯಕತೆಯೆನಿಸುವುದು. ಹೊರಗಿನ ಅಳತೆಯನ್ನು ನೋಡದಿದ್ದರೆ ಒಳಗಿನ ಅಳತೆಯು ತಾನಾಗಿಯೇ ಸಡಿಲವಾಗುವುದು. ಎತ್ತಿನ ಹೊರೆಯನ್ನು ಹೊರಿಸುವವನ ಅವಶ್ಯಕತೆಯಿಂದ ಅಳೆಯುವುದಿಲ್ಲ, ಎತ್ತಿನ ಬಲದಿಂದ ಅಳೆಯುವರು. ನೆಲಕ್ಕೂ ಅದೇ ನ್ಯಾಯ.

ನಿಯಮ ಮಾಡಿಕೊಳ್ಳುವ ಕ್ರಮ

ಭೋಗೋಪಭೋಗಗಳ ತ್ಯಾಗವು ಎರಡು ಬಗೆ. ಜೀವನಪರ್ಯಂತ ಮಾಡುವುದು ಯಮ. ಕಾಲವನ್ನು ಗೊತ್ತುಮಾಡಿಕೊಂಡು ಮಾಡುವುದು ನಿಯಮ. ಹಗಲು, ಇರುಳು, ಪಕ್ಷ, ಮಾಸ, ಋತು, ಅಯನಗಳೆಂದು ಅವಧಿಯನ್ನು ಆರಿಸಿಕೊಳ್ಳಲು ಶ್ರಾವಕಾಚಾರವು ಅವಕಾಶ ಕೊಟ್ಟಿದೆ. ನಿಯಮಕ್ಕೆ ಒಳಪಡಿಸಬೇಕಾದವುಗಳಲ್ಲಿ ಊಟ, ವಾಹನ, ಹಾಸಿಗೆಗಳ ಜೊತೆಗೆ ಸ್ನಾನವನ್ನೂ ಎಣಿಸಿದೆ.

ಉಪವಾಸದ ದಿನಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಪ್ರೋಷಧೋಪವಾಸದಲ್ಲಿ ಆಹಾರದೊಡನೆ ಆರಂಭ, ಅಲಂಕಾರ, ಗಂಧ, ಪುಷ್ಪ, ಸ್ನಾನಗಳ ತ್ಯಾಗವನ್ನೂ ಹೇಳಿದೆ. ಊಟವನ್ನು ಬಿಟ್ಟು ಮಿಕ್ಕ ಭೋಗಗಳನ್ನು ಹೆಚ್ಚಿಸಿಕೊಂಡರೆ ಹೊಟ್ಟೆಯು ಮಾತ್ರ ಉಪವಾಸವಿದ್ದಂತೆ. ಮರುದಿನದ ಪಾರಣೆಗೆಂದು ಹತ್ತು ಬಗೆಯ ಅಡುಗೆ, ಅದಕ್ಕೆ ತಕ್ಕ ಪಾತ್ರೆ, ಅದನ್ನು ತೊಳೆಯಲು ತಕ್ಕ ನೀರು ಎಂದಾದರೆ ಅದು ಅತಿಪ್ರಸಾಧನವೇ ಸರಿ.

ಒಂದು ಋತುವಿನ ಮಟ್ಟಿಗೆ ಮನೆಯವರು ಕೂಡಿ ಕೈಗೊಳ್ಳಬಹುದಾದ ಸುಲಭ ನಿಯಮಗಳು ಇವು. ಸ್ನಾನದ ನೀರನ್ನು ನಲ್ಲಿಯಿಂದ ನೇರವಾಗಿ ಬಳಸದೆ ಪಾತ್ರೆಯಲ್ಲಿ ಅಳೆದು ತೆಗೆದುಕೊಳ್ಳುವುದು. ಶುದ್ಧೀಕರಣ ಯಂತ್ರದಿಂದ ಹೊರಬರುವ ನೀರನ್ನು ನೆಲ ಒರೆಸಲು ಹಿಡಿದಿಡುವುದು. ಅಷ್ಟಮಿ, ಚತುರ್ದಶಿಗಳಂದು ಬಟ್ಟೆಯ ರಾಶಿ ಒಗೆಯದಿರುವುದು. ಜಮೀನುಳ್ಳವರು ಉಳಿಸಿದ ನೀರಿನಿಂದ ಹೊಸ ಎಕರೆಯನ್ನು ಕೂಡಿಸದಿರುವುದು.

ಮರಳಿಸುವ ನಿಯಮವೂ ಒಂದಿರಲಿ. ಸಾವಿರ ಚದರಡಿಯ ಮಾಳಿಗೆಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 65 ಸಾವಿರ ಲೀಟರ್ ನೀರಾಗುವುದು. ಅದರಲ್ಲಿ ದೊರೆತಷ್ಟನ್ನು ಚರಂಡಿಗೆ ಬಿಡದೆ ಬತ್ತಿದ ಹಳೆಯ ಬಾವಿಗೋ ಇಂಗುಗುಂಡಿಗೋ ತಿರುಗಿಸಬಹುದು. ಇದು ಜಲಗಾಲನ ವಿಧಿಗೆ ಬದಲಿಯಲ್ಲ. ಆದರೆ ತಂದ ಕಡೆಗೆ ಮರಳಿಸಬೇಕೆಂಬ ಅದರ ಭಾವಕ್ಕೆ ಅನುಗುಣವಾದುದು. ಬಾವಿಯಲ್ಲಿ ನೀರು ನಿಂತರೆ ವಿಧಿಯೂ ಉಳಿಯುವುದು.

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಅಮೃತಕ್ಕೂ ವಿಷಕ್ಕೂ ನಡುವೆ ಇರುವ ಗೆರೆಯನ್ನು ಮುಂಚಿತವಾಗಿಯೇ ಎಳೆದುಕೊಳ್ಳುವವನು ವ್ರತಿ. ದಾಟಿದ ಮೇಲೆ ಕಂಡುಕೊಳ್ಳುವವನು ಪಶ್ಚಾತ್ತಾಪಿ. ನೂರರ ಗೆರೆಯನ್ನು ನಾಲ್ಕು ತಾಲ್ಲೂಕುಗಳು ದಾಟಿಯಾಗಿದೆ. ಮನೆಯ ಗೆರೆಯನ್ನು ಎಳೆಯಲು ಇನ್ನೂ ಅವಕಾಶವಿದೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಅತಿಪ್ರಸಾಧನಕ್ಕೆ ಉಮಾಸ್ವಾಮಿಗಳೂ ಪಂಡಿತ ಆಶಾಧರರೂ ಕೊಟ್ಟ ಹೆಸರುಗಳಾವುವು?

2. ಭೋಗೋಪಭೋಗಪರಿಮಾಣವಿರುವಾಗ ಈ ಅತಿಚಾರವನ್ನು ಬೇರೆಯಾಗಿ ಹೇಳಿದುದೇಕೆ? ಅಕಲಂಕದೇವರ ಸಮಾಧಾನವನ್ನು ತಿಳಿಸಿರಿ.

3. ಪೋಲು, ದುಂದು, ದುರ್ಬಳಕೆ, ಅತಿಬಳಕೆಗಳಿಗೆ ಮನೆಯ ವ್ಯವಹಾರದಿಂದ ಒಂದೊಂದು ಉದಾಹರಣೆ ಕೊಡಿರಿ.

4. ಕಪಿಲೆಯ ಕಾಲದಲ್ಲಿದ್ದು ಕೊಳವೆಬಾವಿಯ ಕಾಲದಲ್ಲಿ ಇಲ್ಲವಾದ ಅಳತೆ ಯಾವುದು?

5. ಜಲಗಾಲನ ವಿಧಿಯ ಎರಡನೆಯ ಅರ್ಧ ಯಾವುದು? ಅದಕ್ಕೆ ಬಂದ ತೊಡಕೇನು?